ಮೇಲಿನ ಹೊಳಪು ಬಿಡಿ, ಕೆಳಗೆ ಬಗ್ಗಿ ನೋಡಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಹಳೆಯ ಓಪನ್ ಟಾಪ್ ಕಾರುಗಳ ಬಗ್ಗೆ ಬಂದ ಲೇಖನ ಓದಿದೆ. ಇಂಥ ಕಾರೊಂದನ್ನು ಕೊಂಡು, ಶೆಡ್ಡಿನಲ್ಲಿ ಮುಚ್ಚಿಟ್ಟು, ಕೆಲವು ವರ್ಷ ಕಾದು ಮಾರಿದರೆ ಒಳ್ಳೆಯ ಲಾಭ ಅಂತ ಅದರಲ್ಲಿತ್ತು. ಕೊಳ್ಳುವಾಗ ಬಾಡಿಯ ಹೊಳಪು ನೋಡಿ, ಬಣ್ಣ ನೋಡಿ ಅಂತ ಸಲಹೆಯೂ ಇತ್ತು. ಅಂಥದೊಂದು ಕಾರು ನನ್ನ ಹತ್ತಿರ ಇದೆ. ಮುಚ್ಚಿಟ್ಟಿಲ್ಲ, ಓಡಿಸುತ್ತೇನೆ. ಆದ್ದರಿಂದ ಈ ಎರಡೂ ಮಾತಿಗೆ ನನ್ನ ತಕರಾರಿದೆ. ಜಾಗ ಇದ್ದರೆ ದಯವಿಟ್ಟು ಹಾಕಿ.

ನಾನು ಟೈಲರ್. ಉಡುಪಿಗಿಂತ ಜಾಸ್ತಿ ಹೊಲಿಯುವುದು ಸೋಫಾ ಕವರು, ಬೈಕಿನ ಸೀಟು, ಟಾರ್ಪಾಲು. ದಪ್ಪ ರೆಕ್ಸಿನ್ ಹೊಲಿಯುವ ಮೆಷಿನ್ ಇದೆ. ಟೈಲರಿಗೂ ಹಳೆಯ ಕಾರಿಗೂ ಏನು ಸಂಬಂಧ ಅಂತ ಕೇಳಬೇಡಿ. ಟಾಪ್ ತೆಗೆಯುವ ಕಾರಿಗೆ ಮೆಕ್ಯಾನಿಕ್ ಎಷ್ಟು ಮುಖ್ಯವೋ ಟೈಲರೂ ಅಷ್ಟೇ ಮುಖ್ಯ. ಮೆಕ್ಯಾನಿಕ್ ಕೆಲಸಕ್ಕೆ ನನ್ನ ತಮ್ಮ ಇದ್ದಾನೆ.

ನನ್ನ ಕಾರಿನ ಹೆಸರು ಸಿಟ್ರೊಯೆನ್ ಮೆಹಾರಿ. ಫ್ರಾನ್ಸಿನ ಕಾರು. 1968ರಿಂದ 1987ರ ತನಕ ತಯಾರಾಯಿತು. ತಯಾರಾದ ಕಾರುಗಳು ಎಲ್ಲಾ ಸೇರಿ 1,45,000ಕ್ಕೆ ಸ್ವಲ್ಪ ಕಡಿಮೆ. ಇದರ ಬಾಡಿ ಪೂರ್ತಿ ಪ್ಲಾಸ್ಟಿಕ್. ಹೌದು, ಬಾನೆಟ್ಟೂ ಪ್ಲಾಸ್ಟಿಕ್ಕೇ. ಎಬಿಎಸ್ ಅನ್ನುವ ಜಾತಿಯದು. ಮಕ್ಕಳ ಲೆಗೊ ಇಟ್ಟಿಗೆಗಳನ್ನೂ ಇದರಿಂದಲೇ ಮಾಡುತ್ತಾರೆ. ಬಣ್ಣವನ್ನು ಮೇಲೆ ಬಳಿದಿಲ್ಲ, ಪ್ಲಾಸ್ಟಿಕ್ಕಿನಲ್ಲೇ ಬೆರೆಸಿದ್ದಾರೆ. ಗೀರು ಬಿದ್ದರೆ ಒಳಗೂ ಅದೇ ಬಣ್ಣ ಕಾಣುತ್ತದೆ. ಮುಂದಿನ ಗಾಜನ್ನು ಬಾನೆಟ್ ಮೇಲೆ ಮಲಗಿಸಬಹುದು. ಒಳಗೆ ಕೆಸರಾದರೆ ಪೈಪ್ ಹಿಡಿದು ನೀರು ಬಿಟ್ಟು ತೊಳೆಯಬಹುದು. ಇಡೀ ಕಾರು 600 ಕಿಲೊ ಕೂಡ ತೂಗುವುದಿಲ್ಲ.

ಇದನ್ನು ಮೊದಲು ಯೋಚಿಸಿದವರ ಹೆಸರು ರೋಲಾಂ ದ ಲಾ ಪೊಯ್ಪ್. ಎರಡನೇ ಮಹಾಯುದ್ಧದಲ್ಲಿ ರಷ್ಯಾದ ಕಡೆ ಹೋಗಿ ಯುದ್ಧವಿಮಾನ ಹಾರಿಸಿದ ಫ್ರೆಂಚ್ ಪೈಲಟ್. ಸೋವಿಯತ್ ಒಕ್ಕೂಟದ ಹೀರೋ ಅನ್ನುವ ಬಿರುದು ಅವರಿಗೆ ಸಿಕ್ಕಿತ್ತು. ಯುದ್ಧ ಮುಗಿದ ಮೇಲೆ ಪ್ಲಾಸ್ಟಿಕ್ ಉದ್ಯಮಕ್ಕೆ ಇಳಿದರು. ಒಂದು ಸಲಕ್ಕೆ ಆಗುವಷ್ಟು ಶಾಂಪೂ ತುಂಬುವ ಪುಟ್ಟ ಪೊಟ್ಟಣ ಮಾಡಿ ಹೆಸರು ಗಳಿಸಿದ್ದು ಅವರೇ. ಶಾಂಪೂ ಪೊಟ್ಟಣ ಮಾಡಿದವರು ಕಾರು ಮಾಡಿದರೆ ಹೀಗೇ ಇರುತ್ತೆ ಅಂತ ನನ್ನ ತಮ್ಮ ನಗುತ್ತಾನೆ. ನಗಲಿ. ಫ್ರಾನ್ಸಿನ ಸೈನ್ಯವೂ ಈ ಕಾರನ್ನು ಬಳಸಿದೆ. 1980ರ ಪ್ಯಾರಿಸ್–ಡಕಾರ್ ರ‍್ಯಾಲಿಯಲ್ಲಿ ಡಾಕ್ಟರುಗಳನ್ನು ಮರುಭೂಮಿಯಲ್ಲಿ ಸುತ್ತಾಡಿಸಿದ್ದು ಇದರದೇ ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ಮಾದರಿ.

ಈಗ ಹೊಳಪಿನ ಮಾತಿಗೆ ಬರುತ್ತೇನೆ.

ಕೊಳ್ಳಬೇಕು ಅಂತ ಹೊರಟಾಗ ನಮ್ಮ ಮುಂದೆ ಎರಡು ಮೆಹಾರಿ ಇದ್ದವು. ಒಂದು ಹಸಿರು. ನೋಡಿದರೆ ನಿನ್ನೆ ಕಾರ್ಖಾನೆಯಿಂದ ಬಂದ ಹಾಗಿತ್ತು. ಫಳಫಳ ಅನ್ನುವ ಬಾಡಿ, ಹೊಸ ಸೀಟು, ಹೊಸ ಟಾಪು. ಇನ್ನೊಂದು ಒಂದು ಕಾಲದಲ್ಲಿ ಕಿತ್ತಳೆ ಬಣ್ಣದ್ದು. ಬಿಸಿಲಿಗೆ ಬಾಡಿ ಬಿಳಿಚಿಕೊಂಡಿತ್ತು. ಒಂದು ಮಡ್‌ಗಾರ್ಡ್ ಸೀಳಿತ್ತು. ಟಾಪು ಅನ್ನುವುದು ಹೆಸರಿಗೆ ಮಾತ್ರ ಇತ್ತು. ಹಸಿರು ಕಾರಿನವರು ಬಾಡಿಯನ್ನು ತಟ್ಟಿ ತಟ್ಟಿ ತೋರಿಸಿದರು. ಕಿತ್ತಳೆ ಕಾರಿನ ಯಜಮಾನರು, ವಯಸ್ಸಾದವರು, ಏನೂ ಹೇಳಲಿಲ್ಲ. ಒಂದು ಚಾಪೆ ತಂದು ನೆಲಕ್ಕೆ ಹಾಸಿ "ಮಲಗಿ ನೋಡಪ್ಪ" ಅಂದರು ನನ್ನ ತಮ್ಮನಿಗೆ.

ಅವನು ಎರಡರ ಕೆಳಗೂ ಟಾರ್ಚು, ಸ್ಕ್ರೂಡ್ರೈವರ್ ಹಿಡಿದು ಮಲಗಿದ. ಮೆಹಾರಿಯ ಚಾಸಿ ಅಂದರೆ ತೆಳು ಉಕ್ಕಿನ ತಗಡುಗಳನ್ನು ಮಡಚಿ ಬೆಸೆದು ಮಾಡಿದ ಚಪ್ಪಟೆ ಪೆಟ್ಟಿಗೆ. ಒಳಗೆ ಟೊಳ್ಳು. ನೀರು ಒಳಗೆ ಸೇರಿದರೆ ಸುಲಭಕ್ಕೆ ಹೊರಗೆ ಬರುವುದಿಲ್ಲ. ತುಕ್ಕು ಒಳಗಿನಿಂದಲೇ ತಿನ್ನುತ್ತಾ ಬರುತ್ತದೆ. ಚಾಸಿಯ ಮೇಲೆ ಕೊಳವೆಗಳ ಒಂದು ಫ್ರೇಮು. ಆ ಫ್ರೇಮಿಗೆ ಪ್ಲಾಸ್ಟಿಕ್ ಬಾಡಿಯನ್ನು ಬೋಲ್ಟ್ ಹಾಕಿ ಕೂರಿಸಿರುತ್ತಾರೆ. ಪ್ಲಾಸ್ಟಿಕ್ಕಿಗೆ ತುಕ್ಕು ಹಿಡಿಯುವುದಿಲ್ಲ, ಅಲ್ವಾ? ಅದೇ ಇಲ್ಲಿ ಮೋಸ. ಉಕ್ಕಿನ ಬಾಡಿಯ ಕಾರಿನಲ್ಲಿ ಬಾಗಿಲ ಅಂಚಿನಲ್ಲೋ ಚಕ್ರದ ಹತ್ತಿರವೋ ತುಕ್ಕಿನ ಗುಳ್ಳೆ ಎದ್ದು, ಕೆಳಗೂ ಇರಬಹುದು ಅಂತ ಸೂಚನೆ ಕೊಡುತ್ತದೆ. ಮೆಹಾರಿ ಅಂಥ ಸೂಚನೆ ಕೊಡುವುದಿಲ್ಲ. ಕೆಳಗೆ ಚಾಸಿ ಪುಡಿಯಾಗುತ್ತಿದ್ದರೂ ಮೇಲೆ ಲೆಗೊ ಇಟ್ಟಿಗೆ ನಗುತ್ತಾ ನಿಂತಿರುತ್ತದೆ.

ಹಸಿರು ಕಾರಿನ ಚಾಸಿಗೆ ದಪ್ಪ ಕಪ್ಪು ಪೇಂಟು ಹೊಡೆದಿದ್ದರು. ಬೆಸುಗೆಯ ಸಾಲಿನ ಪಕ್ಕ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿದಾಗ ಪೇಂಟಿನ ಜೊತೆ ತಗಡೂ ಒಳಗೆ ಹೋಯಿತು. ತಮ್ಮ ಎದ್ದು ಬಂದು ಬಟ್ಟೆ ಕೊಡವಿಕೊಂಡ. ಅಲ್ಲಿ ಏನೂ ಮಾತಾಡಲಿಲ್ಲ. ದಾರಿಯಲ್ಲಿ, "ಅಕ್ಕಾ, ಅದು ಕಾರಲ್ಲ, ಕಾರಿನ ಚಿತ್ರ" ಅಂದ.

ಕಿತ್ತಳೆ ಕಾರಿಗೆ ಹಿಂದೆ ಯಾವಾಗಲೋ ಸತುವಿನ ಲೇಪ ಇರುವ ಹೊಸ ಚಾಸಿ ಹಾಕಿಸಿದ್ದರು. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದರೆ ಟಣ್ ಅಂತ ಶಬ್ದ. ದೂರ ನಿಂತು ಪಕ್ಕದಿಂದ ನೋಡಿದೆವು. ಚಾಸಿ ಸೋತ ಕಾರು ಮುಂದೋ ಹಿಂದೋ ಬಗ್ಗಿರುತ್ತದೆ, ಬಾನೆಟ್ಟಿನ ಸಂದು ಒಂದು ಕಡೆ ಅಗಲ, ಒಂದು ಕಡೆ ಕಿರಿದು ಕಾಣುತ್ತದೆ. ಇದು ನೆಟ್ಟಗಿತ್ತು. ತಮ್ಮ ಮುಂದಿನ ಚಕ್ರಗಳನ್ನು ಜಾಕ್ ಹಾಕಿ ಎತ್ತಿ, ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿ ನೋಡಿದ. ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ತಿರುಗುವುದು ಕಿಂಗ್‌ಪಿನ್ ಅನ್ನುವ ಗೂಟದ ಮೇಲೆ, ಅದು ಸವೆದಿದ್ದರೆ ಚಕ್ರ ಆಡುತ್ತದೆ. ಈ ಕಾರಿನ ಕಿಂಗ್‌ಪಿನ್‌ಗೆ 1,000 ಕಿಲೊಮೀಟರಿಗೊಮ್ಮೆ ಗ್ರೀಸ್ ಹೊಡೆಯಬೇಕು. ಹೊಡೆದವರು ಕಡಿಮೆ. ಯಜಮಾನರು ಹೊಡೆದಿದ್ದರು, ಹೊಡೆದ ದಿನವನ್ನು ಒಂದು ಹಳೆಯ ಡೈರಿಯಲ್ಲಿ ಬರೆದೂ ಇಟ್ಟಿದ್ದರು. ಆ ಡೈರಿ ನೋಡಿಯೇ ನನಗೆ ಕಾರು ಇಷ್ಟವಾಯಿತು.

ಹೀಗೆ ನಾವು ಕಳೆಗುಂದಿದ್ದನ್ನೇ ತಂದೆವು. ಲೇಖನ ಬರೆದವರು ಬಂದಿದ್ದರೆ ಹಸಿರನ್ನೇ ಆರಿಸುತ್ತಿದ್ದರೇನೋ.

ಕಳೆಗುಂದಿದ ಬಾಡಿಯ ಬಗ್ಗೆ ಒಂದು ಮಾತು ಹೇಳಬೇಕು. ಎಬಿಎಸ್‌ಗೆ ನೀರು ಶತ್ರುವಲ್ಲ, ಬಿಸಿಲು ಶತ್ರು. ವರ್ಷಗಟ್ಟಲೆ ಬಿಸಿಲು ಕುಡಿದರೆ ಬಣ್ಣ ಹೋಗುತ್ತದೆ, ಪ್ಲಾಸ್ಟಿಕ್ ಗಡುಸಾಗಿ ಸೀಳುತ್ತದೆ. ಆದರೆ ಇದಕ್ಕೆ ಮದ್ದಿದೆ. ಎಬಿಎಸ್ ಅಸಿಟೋನಿನಲ್ಲಿ ಕರಗುತ್ತದೆ. ಅದೇ ಪ್ಲಾಸ್ಟಿಕ್ಕಿನ ಚೂರುಗಳನ್ನು ಅಸಿಟೋನಿನಲ್ಲಿ ನೆನೆಸಿದರೆ ಅಂಟಂಟು ಪೇಸ್ಟ್ ಆಗುತ್ತದೆ. ಸೀಳಿನ ಹಿಂಭಾಗಕ್ಕೆ ಅದನ್ನು ತುಂಬಿ, ಆರಿದ ಮೇಲೆ ಉಜ್ಜಿದರೆ ಎರಡೂ ಬದಿ ಒಂದಾಗುತ್ತವೆ. ಅಸಿಟೋನಿಗೆ ಬೇಗ ಬೆಂಕಿ ಹತ್ತುತ್ತದೆ, ಹಾಗಾಗಿ ಗಾಳಿಯಾಡುವ ಕಡೆ, ಒಲೆ ಬೀಡಿ ಏನೂ ಇಲ್ಲದ ಕಡೆ ಮಾಡಬೇಕು. ನಮ್ಮ ಮಡ್‌ಗಾರ್ಡನ್ನು ತಮ್ಮ ಹೀಗೇ ಸರಿ ಮಾಡಿದ. ತೀರಾ ಕೆಟ್ಟರೆ ಬಾಡಿಯ ಹೊಸ ಭಾಗಗಳನ್ನು ಈಗಲೂ ಮಾಡಿ ಮಾರುವವರು ಇದ್ದಾರೆ. ಬೋಲ್ಟ್ ಬಿಚ್ಚು, ಹಳೆಯದು ತೆಗೆ, ಹೊಸದು ಕೂರಿಸು. ಅಂದರೆ ಈ ಕಾರಿನಲ್ಲಿ ಸುಲಭವಾಗಿ ಬದಲಿಸಲು ಆಗುವುದೇ ಬಾಡಿ. ಜನ ದುಡ್ಡು ಕೊಡುವುದೂ ಅದನ್ನೇ ನೋಡಿ!

ಇನ್ನು ನನ್ನ ಪಾಲಿನ ಕೆಲಸ, ಟಾಪು. ನಿಮ್ಮ ಲೇಖನದಲ್ಲಿ ಇದಕ್ಕೆ ಅರ್ಧ ಸಾಲು. ಓಪನ್ ಟಾಪ್ ಕಾರಿನ ಲೇಖನದಲ್ಲಿ ಟಾಪಿಗೆ ಅರ್ಧ ಸಾಲು!

ಮೆಹಾರಿಯ ಟಾಪು ಕೊಳವೆಗಳ ಮೇಲೆ ಹೊದಿಸುವ ರೆಕ್ಸಿನ್. ಪಕ್ಕಕ್ಕೆ ಪಾರದರ್ಶಕ ಹಾಳೆಯ ಕಿಟಕಿಗಳು. ಎಲ್ಲಾ ಟಿಚ್ ಬಟನ್ನು, ಪಟ್ಟಿಗಳಲ್ಲಿ ನಿಲ್ಲುತ್ತವೆ. ಹೊಸ ಟಾಪು ಹೊಲಿಸುವವರು ಸಾಮಾನ್ಯವಾಗಿ ಹಳೆಯದನ್ನು ಬಿಚ್ಚಿ ಟೈಲರಿಗೆ ಕೊಟ್ಟು "ಇದೇ ಅಳತೆಗೆ ಮಾಡಿ" ಅನ್ನುತ್ತಾರೆ. ಹಾಗೆ ಕೊಡಬೇಡಿ. ಹಳೆಯ ರೆಕ್ಸಿನ್ ಕೆಲವು ಕಡೆ ಕುಗ್ಗಿರುತ್ತದೆ, ಕೆಲವು ಕಡೆ ಜಗ್ಗಿರುತ್ತದೆ. ಕಾರನ್ನೇ ತಂದು ನಿಲ್ಲಿಸಿ, ಕೊಳವೆಗಳ ಮೇಲೆ ಹಳೆಯ ಬೆಡ್‌ಶೀಟ್ ಎಳೆದು ಕಟ್ಟಿ, ಅದರ ಮೇಲೆ ಗುರುತು ಹಾಕಿಸಿ. ನಾನು ಹಾಗೇ ಮಾಡಿದ್ದು. ಹಳೆಯ ಟಾಪನ್ನು ಟಿಚ್ ಬಟನ್ ಯಾವ ಕಡೆ ಬರುತ್ತದೆ ಅಂತ ನೋಡಲು ಮಾತ್ರ ಇಟ್ಟುಕೊಂಡೆ.

ಹೊಲಿಗೆಯ ವಿಷಯ. ಬಟ್ಟೆಯಲ್ಲಿ ಸೂಜಿ ಚುಚ್ಚಿದ ತೂತು ಎಳೆಗಳ ನಡುವೆ ಮುಚ್ಚಿಕೊಳ್ಳುತ್ತದೆ. ರೆಕ್ಸಿನ್ನಿನಲ್ಲಿ ಮುಚ್ಚಿಕೊಳ್ಳುವುದಿಲ್ಲ, ತೂತು ತೂತಾಗಿಯೇ ಇರುತ್ತದೆ. ಗಟ್ಟಿಯಾಗಲಿ ಅಂತ ಹತ್ತಿರ ಹತ್ತಿರ ಹೊಲಿದರೆ ಅಂಚೆ ಚೀಟಿಯ ಅಂಚಿನ ಹಾಗೆ ಅಲ್ಲೇ ಹರಿಯುತ್ತದೆ. ಹೊಲಿಗೆ ಉದ್ದ ಇರಬೇಕು. ದಾರ ಹತ್ತಿಯದಾದರೆ ಒದ್ದೆಗೆ ಕೊಳೆಯುತ್ತದೆ. ನೈಲಾನ್ ಗಟ್ಟಿ, ಆದರೆ ಬಿಸಿಲಿಗೆ ಪಾಲಿಯೆಸ್ಟರಿಗಿಂತ ಬೇಗ ಸೋಲುತ್ತದೆ. ಪಾಲಿಯೆಸ್ಟರ್ ದಪ್ಪ ದಾರವೇ ಸರಿ. ಪಾರದರ್ಶಕ ಹಾಳೆ ಮೆಷಿನ್ನಿನ ಫೂಟಿಗೆ ಅಂಟಿಕೊಂಡು ಸತಾಯಿಸುತ್ತದೆ, ಅದಕ್ಕೆ ಟೆಫ್ಲಾನ್ ಫೂಟ್ ಹಾಕಬೇಕು. ಪಿನ್ನು ಚುಚ್ಚಿ ಹಿಡಿಸಲೇಬಾರದು, ಅದೂ ಒಂದು ತೂತು ತಾನೇ. ಕ್ಲಿಪ್ ಹಾಕಬೇಕು. ಹೊಲಿಗೆ ಬಿದ್ದ ಸಾಲು ನೀರು ಹರಿಯುವ ದಿಕ್ಕಿಗೆ ಮಡಚಿರಬೇಕು. ಉಲ್ಟಾ ಮಡಚಿದರೆ ನೀರು ಮಡಿಕೆಯಲ್ಲಿ ನಿಂತು ಸೂಜಿಯ ತೂತಿನಿಂದ ನಿಮ್ಮ ತೊಡೆಯ ಮೇಲೇ ಬೀಳುತ್ತದೆ.

ಇಷ್ಟೆಲ್ಲಾ ಮಾಡಿದರೂ ಜೋರು ಮಳೆಗೆ ಒಳಗೆ ನೀರು ಬರುತ್ತದೆ. ಬಂದೇ ಬರುತ್ತದೆ. ಟಾಪ್ ತೆಗೆಯುವ ಹಳೆಯ ಕಾರಿನಲ್ಲಿ ಒಂದು ಹನಿಯೂ ಬರಬಾರದು ಅನ್ನುವವರು ಬೇರೆ ಕಾರು ನೋಡಿಕೊಳ್ಳುವುದು ಒಳ್ಳೆಯದು. ಕಿಟಕಿಯ ಹಾಳೆಯನ್ನು ಚಳಿಯಲ್ಲಿ ಮಡಚಬಾರದು, ಪಟ್ ಅಂತ ಸೀಳುತ್ತದೆ. ಮಡಚುವುದೇ ಬೇಡ, ನಡುವೆ ಮೆತ್ತನೆ ಬಟ್ಟೆ ಇಟ್ಟು ಸುತ್ತಿಡಿ. ಧೂಳನ್ನು ಒಣ ಬಟ್ಟೆಯಿಂದ ಒರೆಸಿದರೆ ಗೀರು ಬಿದ್ದು ಮಂಜು ಕವಿದ ಹಾಗೆ ಕಾಣುತ್ತದೆ. ಮೊದಲು ನೀರು ಹಾಕಿ. ಒದ್ದೆ ಟಾಪನ್ನು ಸುತ್ತಿಟ್ಟರೆ ಬೂಷ್ಟು ಖಂಡಿತ.

ಓಡಿಸುವುದರ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಓಡಿಸಿದರೇ ಗೊತ್ತಾಗುವುದು. ಎಂಜಿನ್ 602 ಸಿಸಿ, ಎರಡೇ ಸಿಲಿಂಡರ್, ಒಂದು ಎಡಕ್ಕೆ ಒಂದು ಬಲಕ್ಕೆ ಮಲಗಿವೆ. ಗಾಳಿಯಿಂದಲೇ ತಣಿಯುತ್ತದೆ, ರೇಡಿಯೇಟರ್ ಇಲ್ಲ. ಫ್ಯಾನು ನೇರವಾಗಿ ಎಂಜಿನ್ನಿನ ತಿರುಗುವ ಶಾಫ್ಟಾದ ಕ್ರ್ಯಾಂಕಿಗೇ ಕೂತಿದೆ, ಹಾಗಾಗಿ ಫ್ಯಾನ್ ಬೆಲ್ಟ್ ಹರಿಯುವ ಭಯವಿಲ್ಲ. ಕಿಡಿಯನ್ನು ಪ್ಲಗ್ಗುಗಳಿಗೆ ಸರದಿಯಲ್ಲಿ ಹಂಚುವ ಡಿಸ್ಟ್ರಿಬ್ಯೂಟರೂ ಇಲ್ಲ. ಎರಡೂ ಪ್ಲಗ್ಗುಗಳು ಒಟ್ಟಿಗೇ ಕಿಡಿ ಹಾರಿಸುತ್ತವೆ, ಬೇಕಾದದ್ದು ಒಂದು, ಇನ್ನೊಂದು ದಂಡ. ಆದರೆ ಸರಿಯಾದ ಹೊತ್ತಿಗೆ ಕಿಡಿ ಹಾರುವ ಹಾಗೆ ಮಾಡುವ ಪಾಯಿಂಟಿನ ಡಬ್ಬಿಯನ್ನು ಫ್ಯಾನಿನ ಹಿಂದೆ ಬಚ್ಚಿಟ್ಟಿದ್ದಾರೆ. ಅದನ್ನು ಅಲ್ಲಿಟ್ಟ ಪುಣ್ಯಾತ್ಮರಿಗೆ ನನ್ನ ತಮ್ಮ ದಿನಾ ನಮಸ್ಕಾರ ಹಾಕುತ್ತಾನೆ. ಗೇರ್ ಹಿಡಿಕೆ ಡ್ಯಾಶ್‌ಬೋರ್ಡಿನಿಂದ ಮುಂದಕ್ಕೆ ಚಾಚಿದೆ. ಎಡಕ್ಕೆ ತಿರುಗಿಸಿ ಎಳೆದರೆ ಒಂದನೇ ಗೇರು. ಅದರ ಎದುರಿಗೇ ರಿವರ್ಸ್, ಎಚ್ಚರ ಬೇಕು. ತಿರುವಿನಲ್ಲಿ ಕಾರು ಬೀಳುವ ಹಾಗೆ ವಾಲುತ್ತದೆ. ಮುಂದಿನ ಹಿಂದಿನ ಚಕ್ರಗಳ ತೋಳುಗಳನ್ನು ಕಾರಿನ ಉದ್ದಕ್ಕೆ ಮಲಗಿಸಿದ ಸ್ಪ್ರಿಂಗುಗಳ ಮೂಲಕ ಜೋಡಿಸಿರುವುದರಿಂದ ಹೊಂಡಕ್ಕೆ ಇಳಿದರೂ ಬೆನ್ನಿಗೆ ಪೆಟ್ಟು ಕಡಿಮೆ. ನನ್ನಂಥ ಬೆನ್ನುನೋವಿನ ಟೈಲರಿಗೆ ಇದು ಸಣ್ಣ ಮಾತಲ್ಲ.

ಗುದ್ದಿಕೊಂಡರೆ? ಆ ಪ್ರಶ್ನೆಯನ್ನೂ ಕೇಳಲೇಬೇಕು. ಏರ್‌ಬ್ಯಾಗ್ ಇಲ್ಲ, ಸುತ್ತ ಪ್ಲಾಸ್ಟಿಕ್, ತಲೆಯ ಮೇಲೆ ರೆಕ್ಸಿನ್. ಮೇಲಾಗಿ ಎಬಿಎಸ್ ಬೆಂಕಿಗೆ ಹೆದರುವ ವಸ್ತು. ದೊಡ್ಡ ಲಾರಿಗಳು ನುಗ್ಗುವ ಹೆದ್ದಾರಿಗೆ ನಾನು ಇದನ್ನು ಒಯ್ಯುವುದಿಲ್ಲ. ಸಣ್ಣ ಮಕ್ಕಳನ್ನು ಕೂರಿಸಿಕೊಳ್ಳುವುದೂ ಇಲ್ಲ. ಪೆಟ್ರೋಲ್ ಪೈಪಿನ ರಬ್ಬರ್ ಹಳೆಯದಾದರೆ ಕಾಯದೆ ಬದಲಿಸುತ್ತೇವೆ. ಕೈಗೆ ಸಿಗುವ ಹಾಗೆ ಬೆಂಕಿ ಆರಿಸುವ ಸಿಲಿಂಡರ್ ಇದೆ. ಲೇಖನದ ಫೋಟೋದಲ್ಲಿ ಗಾಳಿಗೆ ಕೂದಲು ಹಾರಿಸಿಕೊಂಡು ಹೋಗುವವರು ಬೆಲ್ಟ್ ಹಾಕಿರಲಿಲ್ಲ, ಗಮನಿಸಿ.

ಇನ್ನು ಲಾಭದ ಮಾತು. ಮುಚ್ಚಿಟ್ಟರೆ ಕಾರು ಹಾಗೇ ಇರುತ್ತದೆ ಅಂತ ಲೇಖಕರು ನಂಬಿದ ಹಾಗಿದೆ. ನಿಂತ ಕಾರಿನಲ್ಲಿ ಏನೇನು ನಡೆಯುತ್ತದೆ ನೋಡಿ. ಟ್ಯಾಂಕಿನಲ್ಲಿ ಪೆಟ್ರೋಲು ಹಳಸುತ್ತದೆ. ಕಾರ್ಬುರೇಟರಿನ ಸಣ್ಣ ತೂತುಗಳಲ್ಲಿ ಅದರ ಅಂಟು ಕಟ್ಟುತ್ತದೆ. ಬ್ರೇಕ್ ಸಿಲಿಂಡರಿನ ಒಳಗೆ ತುಕ್ಕು ಬಂದು ಪಿಸ್ಟನ್ ಹಿಡಿಯುತ್ತದೆ. ಪಾಯಿಂಟಿಗೆ ಕಿಲುಬು ಬಂದು ಕಿಡಿ ಬರುವುದಿಲ್ಲ. ಒಂದೇ ಕಡೆ ಭಾರ ಬಿದ್ದು ಟೈರು ಚಪ್ಪಟೆಯಾಗುತ್ತದೆ. ಇಲಿಗೆ ವೈರು ಅಂದರೆ ಬಲು ಇಷ್ಟ. ಟೈರಿನ ಗೆರೆಗಳು ಆಳವಾಗಿವೆ, ಹೊಸದೇ ಅಂತ ಮಾರುವವರು ಹೇಳುತ್ತಾರೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 2000ದಿಂದ ಈಚೆಗೆ ಬಂದದ್ದಾದರೆ ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 0809 ಅಂತಿದ್ದರೆ 2009ರ ಎಂಟನೇ ವಾರದ್ದು. ಸವೆಯದಿದ್ದರೂ ರಬ್ಬರು ಮುದಿಯಾಗಿರುತ್ತದೆ. ಓಡದ ಕಾರಿನ ಟೈರು ಹೊಸದರಂತೆ ಕಾಣುವುದರಲ್ಲಿ ಆಶ್ಚರ್ಯವೇನಿದೆ?

ಹಾಗಾಗಿ ಲಾಭಕ್ಕೆ ಮುಚ್ಚಿಟ್ಟವರಿಗೆ ಕೊನೆಗೆ ಎರಡೇ ದಾರಿ. ಒಂದೋ ಇಷ್ಟನ್ನೂ ರಿಪೇರಿ ಮಾಡಿಸಿ ಮಾರಬೇಕು, ಆಗ ಲಾಭ ಎಲ್ಲಿ? ಇಲ್ಲವೇ ಮೇಲೆ ಹೊಳಪು ಕೊಟ್ಟು, ಕೆಳಗೆ ಕಪ್ಪು ಪೇಂಟು ಬಳಿದು ದಾಟಿಸಬೇಕು. ಆ ಹಸಿರು ಕಾರು ಹುಟ್ಟಿದ್ದು ಹೀಗೇ ಅಂತ ನನ್ನ ಗುಮಾನಿ. ಬೆಲೆ ಏರುತ್ತದೆ ಅಂತ ಪತ್ರಿಕೆಯಲ್ಲಿ ಬಂದಷ್ಟೂ ಇಂಥ ಹಸಿರು ಕಾರುಗಳು ಜಾಸ್ತಿಯಾಗುತ್ತವೆ. ಗ್ರೀಸಿನ ಡೈರಿ ಬರೆಯುವವರಿಗೆ ಮಾತ್ರ ಕಾರು ಸಿಗುವುದು ಕಷ್ಟವಾಗುತ್ತದೆ. ನನಗೆ ಸಿಟ್ಟು ಬಂದದ್ದು ಇದಕ್ಕೇ.

ಹಳೆಯ ಕಾರಿನ ಬಿಡಿಭಾಗ ಸಿಗುವುದಿಲ್ಲ ಅಂತಲೂ ಲೇಖನದಲ್ಲಿತ್ತು. ಅದು ಯಾವ ಕಾರು ಅನ್ನುವುದರ ಮೇಲೆ ಹೋಗುತ್ತದೆ. ಮೆಹಾರಿಯ ಎಂಜಿನ್, ಗೇರ್‌ಬಾಕ್ಸ್ ಅದೇ ಕಂಪನಿಯ 2ಸಿವಿ ಬಳಗದ್ದು. 2ಸಿವಿ 1948ರಿಂದ 1990ರ ತನಕ ಲಕ್ಷಗಟ್ಟಲೆ ಬಂದ ಕಾರು. ಆದ್ದರಿಂದ ಅದರ ಸಾಮಾನು ಮಾಡುವವರು ಇನ್ನೂ ಇದ್ದಾರೆ, ತರಿಸಿಕೊಂಡು ಕಾಯಬೇಕು ಅಷ್ಟೆ. ವಿಚಿತ್ರ ಕಾರು ಬೇಕು ಅನ್ನುವವರಿಗೆ ನನ್ನ ಸಲಹೆ ಇದೇ. ಮೇಲೆ ಎಷ್ಟು ಬೇಕಾದರೂ ವಿಚಿತ್ರವಾಗಿರಲಿ, ಒಳಗಿನ ಎಂಜಿನ್ ಮಾತ್ರ ಊರೆಲ್ಲಾ ಓಡಿಸಿದ್ದಾಗಿರಲಿ.

ಕೊನೆಗೆ ಒಂದು ತಿದ್ದುಪಡಿ ಕೇಳುತ್ತೇನೆ, ಇದನ್ನಾದರೂ ದಯವಿಟ್ಟು ಹಾಕಿ. ಲೇಖನದ ಪಕ್ಕದ ಪಟ್ಟಿಯಲ್ಲಿ "ಕಾರು ಕೊಂಡ ತಕ್ಷಣ ಬ್ರೇಕ್ ಆಯಿಲ್ ಬದಲಿಸಿ" ಅಂತ ಇದೆ. ಸರಿ, ಆದರೆ ಯಾವ ಆಯಿಲ್? ಮೆಹಾರಿಯ ಮುಂದಿನ ಬ್ರೇಕು ಚಕ್ರದಲ್ಲಿಲ್ಲ, ಒಳಗೆ ಗೇರ್‌ಬಾಕ್ಸಿನ ಪಕ್ಕದಲ್ಲಿದೆ. ಮೊದಲು ಡ್ರಮ್ ಇತ್ತು. ಆ ಕಾರುಗಳಿಗೆ ಮಾಮೂಲಿ ಬ್ರೇಕ್ ಆಯಿಲ್. ಎಪ್ಪತ್ತರ ದಶಕದ ಕೊನೆಗೆ ಡಿಸ್ಕ್ ಬಂತು. ಡಿಸ್ಕ್ ಇರುವ ಕಾರಿಗೆ ಎಲ್‌ಎಚ್‌ಎಂ ಅನ್ನುವ ಹಸಿರು ಬಣ್ಣದ ಖನಿಜ ಎಣ್ಣೆಯನ್ನೇ ಹಾಕಬೇಕು. ಅದಕ್ಕೆ ಮಾಮೂಲಿ ಬ್ರೇಕ್ ಆಯಿಲ್ ಸುರಿದರೆ ಒಳಗಿನ ರಬ್ಬರ್ ಸೀಲುಗಳು ಹಾಳಾಗಿ ಬ್ರೇಕ್ ಕೈಕೊಡುತ್ತದೆ. ಡ್ರಮ್ ಕಾರಿಗೆ ಹಸಿರು ಎಣ್ಣೆ ಸುರಿದರೂ ಅದೇ ಗತಿ. ನಿಮ್ಮ ಲೇಖನ ಓದಿ ಯಾರಾದರೂ ಹುಮ್ಮಸ್ಸಿನಿಂದ ಬಾಟಲಿ ತಂದು ಸುರಿಯುವ ಮೊದಲು ಇದು ಅಚ್ಚಾಗಲಿ.

ಇಂತಿ,
ಕಳೆಗುಂದಿದ ಕಿತ್ತಳೆ ಮೆಹಾರಿಯ ಒಡತಿ